ನಮ್ಮ ಹೈಸ್ಕೂಲು ರಸ್ತೆ: ಮರ ಯಾರದು, ಬೇಲಿ ಯಾರದು?

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ನನಗೆ ಕೊಟ್ಟ ವಿಷಯ ‘ಶಾಲಾ ದಿನಗಳ ನೆನಪು’. ನನಗಿಂತ ಮೊದಲು ಮಾತಾಡಿದವರು ನೆನಪುಗಳನ್ನು ಬಹಳ ಚೆನ್ನಾಗಿ ಹೇಳಿದ್ದಾರೆ. ಮೇಷ್ಟ್ರ ಬೆತ್ತ, ಸೋರುವ ಹೆಂಚು, ಪ್ರವಾಸದ ಬಸ್ಸು ಎಲ್ಲವೂ ಬಂದು ಹೋದವು. ನಾನು ಮತ್ತೆ ಅದನ್ನೇ ಹೇಳುವುದಿಲ್ಲ. ಗೋಷ್ಠಿಯ ಅಧ್ಯಕ್ಷರ ಅಪ್ಪಣೆ ಪಡೆದು ಬೇರೆ ವಿಷಯ ಎತ್ತಿಕೊಂಡಿದ್ದೇನೆ.

ಜೂನ್ ತಿಂಗಳಿಂದ ಊರಿನಲ್ಲಿ ಒಂದು ಮನವಿ ಪತ್ರ ಸಹಿಗಾಗಿ ಓಡಾಡುತ್ತಿದೆ. ನಿಮ್ಮಲ್ಲಿ ಬಹಳ ಜನ ಅದನ್ನು ನೋಡಿದ್ದೀರಿ, ಕೆಲವರು ಸಹಿಯನ್ನೂ ಹಾಕಿದ್ದೀರಿ. ಸರ್ಕಲ್‌ನಿಂದ ಹೈಸ್ಕೂಲು ಗೇಟಿನವರೆಗೆ ರಸ್ತೆಯ ಎರಡೂ ಬದಿಯ ಮರಗಳನ್ನೆಲ್ಲ ಕಡಿಸಿಕೊಡಬೇಕು ಎಂಬುದು ಅದರ ಒಕ್ಕಣೆ. ಕಾರಣ ಎಲ್ಲರಿಗೂ ಗೊತ್ತು. ಶಾಲೆ ಬಾಗಿಲು ತೆರೆದ ವಾರದಲ್ಲೇ, ರೋಹಿಣಿ ಮಳೆಯ ಗಾಳಿಗೆ ಕೊಂಬೆ ಮುರಿದು ಒಂಬತ್ತನೇ ತರಗತಿಯ ಹುಡುಗನ ತೋಳು ಮುರಿಯಿತು. ಆಗಸ್ಟ್‌ನಲ್ಲಿ ಕೆರೆ ಏರಿಯ ತಿರುವಿನಲ್ಲಿ ಸೈಕಲ್ ಮೇಲೆ ಬರುತ್ತಿದ್ದ ಇಬ್ಬರು ಹೆಣ್ಣುಮಕ್ಕಳಿಗೆ ಟ್ರ್ಯಾಕ್ಟರ್ ಟ್ರೇಲರ್ ಸವರಿಕೊಂಡು ಹೋಯಿತು. ದೇವರ ದಯೆ, ಇಬ್ಬರೂ ಇವತ್ತು ಇಲ್ಲೇ ಸ್ವಯಂಸೇವಕರ ಬ್ಯಾಡ್ಜು ಹಾಕಿಕೊಂಡು ಓಡಾಡುತ್ತಿದ್ದಾರೆ. ತೋಳು ಮುರಿದ ಹುಡುಗನ ತಾಯಿಯೂ ಇಲ್ಲಿ ಕೂತಿದ್ದಾರೆ. ಅವರ ಎದುರಿಗೆ ಮರದ ಪರವಾಗಿ ಮಾತಾಡುವುದು ಸುಲಭವಲ್ಲ. ಆದರೂ ಆ ಪತ್ರಕ್ಕೆ ನಾನು ಸಹಿ ಹಾಕಿಲ್ಲ. ಯಾಕೆ ಹಾಕಿಲ್ಲ ಎಂದು ಹೇಳುವುದು ನನ್ನ ಕರ್ತವ್ಯ.

ನಾನು ಈ ಶಾಲೆಯ ಮೊದಲ ತಂಡದವನು. 1975ರಲ್ಲಿ ಎಂಟನೇ ತರಗತಿಗೆ ಸೇರಿದಾಗ ಇದು ರಸ್ತೆಯೇ ಅಲ್ಲ, ಬಂಡಿ ಜಾಡು. ಚಕ್ರದ ಎರಡು ಹಳ್ಳ, ನಡುವೆ ಗರಿಕೆ. ಎಡಕ್ಕೆ ಕಳ್ಳಿ ಬೇಲಿ, ಬಲಕ್ಕೆ ಕತ್ತಾಳೆ, ಕೆರೆ ಹತ್ತಿರ ಬಂದರೆ ಲಕ್ಕಿ ಗಿಡ, ಸೀಗೆ ಮೆಳೆ. ಬೇಲಿಯ ಸಾಲಿನಲ್ಲೇ ಅಲ್ಲಲ್ಲಿ ಹೊಂಗೆ, ಬೇವು, ಹುಣಸೆ. ಆವತ್ತು ಆ ಬೇಲಿ ದಾರಿಗೆ ಚಾಚಿದ್ದನ್ನು ಕಂಡ ನೆನಪು ನನಗಿಲ್ಲ. ಹಾಗಾದರೆ ಊರಿನವರು ಆವತ್ತು ಬಹಳ ಜವಾಬ್ದಾರಿಯವರಾಗಿದ್ದರೇ? ನನಗೆ ಹಾಗೇನೂ ಅನ್ನಿಸುವುದಿಲ್ಲ. ಜವಾಬ್ದಾರಿ ಎಂಬ ಮಾತನ್ನೇ ಯಾರೂ ಆಡುತ್ತಿರಲಿಲ್ಲ. ಬೇಲಿಯಿಂದ ಎಲ್ಲರಿಗೂ ಏನಾದರೂ ಬೇಕಿತ್ತು, ಅಷ್ಟೇ.

ಕತ್ತಾಳೆಯ ಪಟ್ಟೆ ಕೊಯ್ದು ಕೆರೆಯಲ್ಲಿ ಕೊಳೆ ಹಾಕಿ ನಾರು ತೆಗೆಯುತ್ತಿದ್ದರು. ದನದ ಕಣ್ಣಿ, ಬಾವಿಯ ಹಗ್ಗ ಎಲ್ಲ ಅದರದ್ದೇ. ಲಕ್ಕಿ ಕಡ್ಡಿ ಕುಕ್ಕೆ ಹೆಣೆಯಲು, ಅದರ ಸೊಪ್ಪು ಬಾಣಂತಿ ನೀರಿಗೆ. ಸೀಗೆಯ ಕಾಯಿ ತಲೆಗೆ, ಚಿಗುರು ಸಾರಿಗೆ. ಕಾರೆ ಮುಳ್ಳು ಕುರಿ ರೊಪ್ಪಕ್ಕೆ. ಹೊಂಗೆ ಸೊಪ್ಪನ್ನು ಗದ್ದೆಗೆ ತುಳಿಸುತ್ತಿದ್ದರು. ಒಣಗಿದ್ದು ಏನೇ ಇರಲಿ, ಅದು ಒಲೆಗೆ. ಕೊಂಬೆ ದಾರಿಗೆ ಬಾಗುವ ಮೊದಲೇ ಮೇಕೆ ಕಾಯುವವರ ದೋಟಿ ಅದಕ್ಕೆ ಸಿಕ್ಕಿಸಿಕೊಳ್ಳುತ್ತಿತ್ತು. ಹುಣಸೆ ಮರಗಳ ಫಸಲನ್ನು ವರ್ಷಕ್ಕೊಮ್ಮೆ ಹರಾಜು ಹಾಕುತ್ತಿದ್ದರು. ಹರಾಜು ಹಿಡಿದವನು ಮರದ ಹತ್ತಿರ ಕೊಡಲಿ ಹಿಡಿದು ಬಂದವರ ಮೇಲೆ ಜಗಳಕ್ಕೇ ನಿಲ್ಲುತ್ತಿದ್ದ. ಮರಗಳಿಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದು ನಂಬರು ಬರೆದಿರುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ನಂಬರು ಇದ್ದ ಮರ ಕಾಣೆಯಾದರೆ ಕೇಳುವವರಿದ್ದರು.

ಆಮೇಲೆ ಏನಾಯಿತು? ಒಲೆಗೆ ಗ್ಯಾಸು ಬಂತು. ಒಳ್ಳೆಯದೇ ಆಯಿತು. ನನ್ನ ತಾಯಿಯ ಕಣ್ಣು ಹೊಗೆಯಲ್ಲೇ ಹೋಯಿತು, ಗ್ಯಾಸನ್ನು ದೂರುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ನೈಲಾನ್ ಹಗ್ಗ ಬಂತು, ಕತ್ತಾಳೆ ಕೊಯ್ಯುವವರಿಲ್ಲ. ಚೀಲದ ಗೊಬ್ಬರ ಬಂತು, ಹೊಂಗೆ ಸೊಪ್ಪು ಹೊರುವವರಿಲ್ಲ. ಶಾಂಪೂ ಬಂತು, ಸೀಗೆ ಮೆಳೆಗೆ ಕೈ ಹಾಕುವವರಿಲ್ಲ. ಮೇಕೆ ಕಾಯುತ್ತಿದ್ದ ಹುಡುಗರು ಈ ಶಾಲೆಗೆ ಬಂದು ಕೂತರು, ಅದಂತೂ ನಾವೆಲ್ಲ ಇವತ್ತು ಇಲ್ಲಿ ಸೇರಿ ಸಂಭ್ರಮಿಸಬೇಕಾದ ವಿಷಯ. ಒಂದೊಂದೂ ಒಳ್ಳೆಯದೇ. ಆದರೆ ಯಾರಿಗೂ ಬೇಡವಾದ ಬೇಲಿ ಬೆಳೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಗಾದೆ ಇದೆಯಲ್ಲ, ನಮ್ಮೂರಲ್ಲಿ ಬೇಲಿ ಹೊಲವನ್ನು ಬಿಟ್ಟು ರಸ್ತೆಯನ್ನು ಮೇಯುತ್ತಿದೆ. ಮೊದಲು ಬೇಲಿಯನ್ನು ಸವರಿದ್ದು ನಮ್ಮ ಅಗತ್ಯ. ಅಗತ್ಯ ಹೋದ ಮೇಲೆ ಆ ಕೆಲಸ ಯಾರ ಪಾಲಿಗೆ ಬಂತು ಎಂದು ನಾವು ಒಂದು ಸಲವೂ ಕೂತು ಮಾತಾಡಿಲ್ಲ. ನನ್ನ ಪ್ರಕಾರ ಇರುವ ತೊಂದರೆಯೆಲ್ಲ ಇಷ್ಟೇ.

ನಾನು 34 ವರ್ಷ ರಸ್ತೆ ಕೆಲಸದಲ್ಲೇ ಇದ್ದು ನಿವೃತ್ತನಾದವನು. ಹಾಗಾಗಿ ಯಾರು ಸಿಕ್ಕಿದರೂ ‘ಈ ರಸ್ತೆ ಯಾರಿಗೆ ಸೇರಿದ್ದು ಸಾರ್?’ ಎಂದು ಕೇಳುತ್ತಾರೆ. ಸುಲಭದ ಗುರುತು ಒಂದಿದೆ. ಮಕ್ಕಳೂ ಕೇಳಿಸಿಕೊಳ್ಳಿ. ದಾರಿ ಬದಿಯ ಕಿಲೋಮೀಟರ್ ಕಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆ ಬಣ್ಣ ಇದ್ದರೆ ಗ್ರಾಮ ಸಡಕ್ ಯೋಜನೆಯ ಹಳ್ಳಿ ರಸ್ತೆ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯವು. ಹಳ್ಳಿ ರಸ್ತೆಗಳನ್ನು ಪಂಚಾಯತ್ ರಾಜ್ ಇಂಜಿನಿಯರಿಂಗ್ ಇಲಾಖೆ ನೋಡಿಕೊಳ್ಳುತ್ತದೆ. ಸಡಕ್ ಯೋಜನೆಯ ರಸ್ತೆಯನ್ನು ಕಟ್ಟಿದ ಗುತ್ತಿಗೆದಾರನೇ ಐದು ವರ್ಷ ನಿರ್ವಹಣೆಯನ್ನೂ ಮಾಡಬೇಕು ಎಂದು ಕರಾರಿನಲ್ಲೇ ಬರೆದಿರುತ್ತದೆ. ಗುಂಡಿ ಮುಚ್ಚುವುದಷ್ಟೇ ಅಲ್ಲ, ರಸ್ತೆಗೆ ಚಾಚಿದ ಗಿಡ, ಕೊಂಬೆ ಸವರುವುದೂ ಆ ನಿರ್ವಹಣೆಯಲ್ಲೇ ಸೇರಿದೆ. ಇದು ಬಹಳ ಜನರಿಗೆ ಗೊತ್ತಿಲ್ಲ. ನಮ್ಮ ರಸ್ತೆಗೆ ಆ ಐದು ವರ್ಷ ಎಂದೋ ಮುಗಿದಿದೆ.

ಇನ್ನು ಮರ. ರಸ್ತೆ ಜಾಗದಲ್ಲಿ ನಿಂತ ಮರ ಸರ್ಕಾರದ್ದು. ಗ್ರಾಮ ಪಂಚಾಯಿತಿಗೂ ಅದರಲ್ಲಿ ಪಾಲಿದೆ. 1993ರ ಪಂಚಾಯತ್ ರಾಜ್ ಕಾಯ್ದೆಯ ಅನುಸೂಚಿಯಲ್ಲಿ ಪಂಚಾಯಿತಿಯ ಕೆಲಸಗಳ ಪಟ್ಟಿ ಇದೆ. ತನ್ನ ಅಧೀನದ ರಸ್ತೆ ಬದಿಗಳಲ್ಲಿ ಮರ ಬೆಳೆಸುವುದರ ಜೊತೆಗೆ ಅವುಗಳನ್ನು ಸಂರಕ್ಷಿಸುವುದೂ ಅಲ್ಲಿದೆ. ಮರದ ಮೇಲೆ ಹಾದುಹೋದ ತಂತಿ ವಿದ್ಯುತ್ ಕಂಪನಿಯದ್ದು. ತಂತಿಗೆ ತಾಗುವ ಕೊಂಬೆಯನ್ನು ಅವರು ಕಡಿಸಬಹುದು. ಅದಕ್ಕೂ ಕಾನೂನು ಲೆಕ್ಕ ಇಟ್ಟಿದೆ: 2003ರ ವಿದ್ಯುತ್ ಕಾಯ್ದೆಯ ಪ್ರಕಾರ, ತಂತಿ ಎಳೆಯುವ ಮೊದಲೇ ಮರ ಅಲ್ಲಿ ಇದ್ದರೆ ಮರದವನಿಗೆ ಪರಿಹಾರ ಕೊಡಿಸುವ ಅವಕಾಶ ಇದೆ. ತಂತಿ ಮೊದಲೋ ಮರ ಮೊದಲೋ ಎಂದು ಕೇಳುವ ಕಾನೂನು ಅದು. ಕೊನೆಯದು ಬೇಲಿ. ಹೊಲದ ಅಂಚಿನ ಬೇಲಿ ಹೊಲದವನದ್ದು, ಅದು ರಸ್ತೆಗೆ ಬಂದರೆ ಸವರಬೇಕಾದವನೂ ಅವನೇ.

ಹೀಗೆ ಒಂದೇ ಗಜ ಅಗಲದ ಜಾಗದಲ್ಲಿ ನಾಲ್ಕು ಯಜಮಾನರು. ನೆಲದ ಮೇಲೆ ನಿಂತು ನೋಡಿದರೆ ಗಿಡಕ್ಕೆ ಈ ಗೆರೆಗಳೊಂದೂ ಗೊತ್ತಿಲ್ಲ. ಬೇಲಿಯ ಬಳ್ಳಿ ಮರಕ್ಕೆ ಹಬ್ಬಿದೆ, ಮರದ ಕೊಂಬೆ ತಂತಿಗೆ ಹೋಗಿದೆ, ತಂತಿಯವರು ಕಡಿದು ಬಿಟ್ಟುಹೋದ ಸೊಪ್ಪು ಚರಂಡಿಯಲ್ಲಿ ಕೊಳೆಯುತ್ತಿದೆ. ಒಬ್ಬರನ್ನು ಕೇಳಿದರೆ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ, ಮತ್ತು ಅವರು ಹೇಳುವುದೂ ಪೂರ್ತಿ ಸುಳ್ಳಲ್ಲ.

ಮನವಿ ಪತ್ರಕ್ಕೆ ಬರುತ್ತೇನೆ. ಎಷ್ಟು ಸಹಿ ಆದರೂ ಮರಗಳನ್ನು ಹಾಗೆ ಒಟ್ಟಿಗೆ ಕಡಿಯಲು ಬರುವುದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ವೃಕ್ಷಾಧಿಕಾರಿ ಎಂದರೆ ಅರಣ್ಯ ಇಲಾಖೆಯ ಅಧಿಕಾರಿ. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ಹೊಂಗೆ, ಹುಣಸೆ, ಬೇವಿಗೆ ಆ ವಿನಾಯಿತಿ ಇಲ್ಲ. ಹಾಗಾದರೆ ಅಪಾಯದ ಮರ ತಲೆಯ ಮೇಲೆ ಬೀಳುವವರೆಗೆ ಕಾಯಬೇಕೇ? ಬೇಡ. ದಾರಿಯಲ್ಲಿ ಹೋಗುವವರ ಮೇಲೆ ಬೀಳುವಂತಿರುವ ಮರದ ಬಗ್ಗೆ ಆದೇಶ ಮಾಡುವ ಅಧಿಕಾರ ಕಾರ್ಯನಿರ್ವಾಹಕ ದಂಡಾಧಿಕಾರಿಗೆ, ಅಂದರೆ ನಮ್ಮ ತಾಲ್ಲೂಕಿನ ಮಟ್ಟದಲ್ಲಿ ತಹಸೀಲ್ದಾರರಿಗೆ, ಇದೆ. ಹಿಂದೆ ಅದು ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮು. ದಾರಿಗೆ ಅಡ್ಡಿಯಾದುದನ್ನು ತೆಗೆಸುವ ಅಧಿಕಾರವೂ ಅದರಲ್ಲೇ ಬರುತ್ತದೆ. ಆ ಕಲಮಿನಲ್ಲಿ ನನಗೆ ಬಹಳ ಹಿಡಿಸಿದ ಅಂಶ ಏನೆಂದರೆ, ಮರವನ್ನು ತೆಗೆಯಿರಿ ಎಂದು ಆದೇಶಿಸಬಹುದಾದ ಹಾಗೆಯೇ, ಮರಕ್ಕೆ ಆಸರೆ ಕೊಡಿ ಎಂದೂ ಆದೇಶಿಸಬಹುದು. ಹಳೆಯ ಆಲದ ಬಿಳಲಿಗೆ ಕಲ್ಲುಕಂಬ ಕೊಟ್ಟು ನಿಲ್ಲಿಸಿದ ಹಿರಿಯರು ನಮ್ಮಲ್ಲೇ ಇದ್ದರು.

ನವೆಂಬರ್‌ನಲ್ಲಿ ನಾನು ಮತ್ತು ನನ್ನ ಇಬ್ಬರು ಸಹಪಾಠಿಗಳು ಮೂರು ದಿನ ಬೆಳಗಿನ ಹೊತ್ತು ಈ ರಸ್ತೆಯನ್ನು ಮರ ಮರವೂ ನೋಡಿಕೊಂಡು ನಡೆದೆವು. ಒಟ್ಟು 46 ಮರ. ಹೊಂಗೆ 19, ಗುಲ್‌ಮೊಹರ್ 10, ಬೇವು 8, ಹುಣಸೆ 6, ಆಲ 2, ಅರಳಿ 1. ಗುಲ್‌ಮೊಹರ್ ಎಂದರೆ ಮಕ್ಕಳು ಕಾಯನ್ನು ಕತ್ತಿ ಮಾಡಿಕೊಂಡು ಜಗಳವಾಡುವ ಮರ. ಮಡಗಾಸ್ಕರ್‌ನಿಂದ ಬಂದದ್ದು. ಮೇ ತಿಂಗಳಲ್ಲಿ ಹೂ ಬಿಟ್ಟರೆ ಕಣ್ಣು ತುಂಬುತ್ತದೆ, ಆದರೆ ಬೇರು ಆಳವಿಲ್ಲ, ಕೊಂಬೆ ಪೆಡಸು. ಹುಡುಗನ ಮೇಲೆ ಬಿದ್ದದ್ದು ಇದೇ ಮರದ ಕೊಂಬೆ. ಈ ಹತ್ತರಲ್ಲಿ ಮೂರು ನಿಜವಾಗಿಯೂ ಹೋಗಬೇಕು. ಒಂದರ ಬುಡ ಟೊಳ್ಳು, ಅಣಬೆ ಎದ್ದಿದೆ. ಇನ್ನೆರಡರ ಒಂದು ಬದಿಯ ಬೇರನ್ನು ನೀರಿನ ಪೈಪಿಗೆ ಕಾಲುವೆ ತೆಗೆದವರು ಕತ್ತರಿಸಿ ಹೋಗಿದ್ದಾರೆ. ಗಾಳಿ ಕೆರೆ ಕಡೆಯಿಂದ ಬಂದರೆ ಅವು ನಿಲ್ಲುವುದಿಲ್ಲ. ಬೇರೆ ಏಳು ಮರಗಳಲ್ಲಿ ಭಾರದ ಕೊಂಬೆ ಅಥವಾ ಒಣಗಿದ ಕೊಂಬೆ ಇಳಿಸಬೇಕು. ಉಳಿದ 36 ಮರಗಳಿಗೆ ಏನೂ ಆಗಿಲ್ಲ. ಅವನ್ನು ಅವುಗಳ ಪಾಡಿಗೆ ಬಿಡುವುದೇ ಅವಕ್ಕೆ ಮಾಡುವ ಉಪಕಾರ, ಬುಡಕ್ಕೆ ಬೆಂಕಿ ಇಡದಿದ್ದರೆ ಸಾಕು. ಆರು ಮರಗಳ ಬುಡದಲ್ಲಿ ಸುಟ್ಟ ಗುರುತು ಇದೆ. ಮೊಳೆ ಹೊಡೆದು ಬೋರ್ಡು ತೂಗಿಸಿದವನ್ನು ಎಣಿಸಲು ಹೋಗಲಿಲ್ಲ.

ತಿರುವಿಗೆ ಬಂದಾಗ ಟೇಪು ಹಿಡಿದು ಅಳೆದೆವು. ಡಾಂಬರು 3.75 ಮೀಟರ್. ಸಡಕ್ ಯೋಜನೆಯ ರಸ್ತೆಗಳಿಗೆ ಸಾಮಾನ್ಯವಾಗಿ ಅಷ್ಟೇ ಇರುತ್ತದೆ. ಎದುರು ಬದುರು ಗಾಡಿ ಬಂದರೆ ಇಳಿದು ನಿಲ್ಲಲು ಎರಡೂ ಕಡೆ ಮಣ್ಣಿನ ಅಂಚು ಬಿಟ್ಟಿರುತ್ತಾರೆ. ತಿರುವಿನಲ್ಲಿ ಈ ಬೇಲಿಯಿಂದ ಆ ಬೇಲಿಗೆ ಈಗ ಇರುವುದು 4.5 ಮೀಟರ್. ಅಂದರೆ ಡಾಂಬರಿನ ಆಚೆ ಒಂದೊಂದು ಬದಿಗೆ ಒಂದೂವರೆ ಅಡಿಯೂ ಇಲ್ಲ. ಎರಡೂವರೆ ಮೀಟರ್ ಅಗಲದ ಬಸ್ಸು ಬಂದಾಗ ಸೈಕಲ್ ಮೇಲಿರುವ ಮಗು ಎಲ್ಲಿಗೆ ಹೋಗಬೇಕು? ಕಳ್ಳಿಯೊಳಕ್ಕೆ. ಅದು ಸಾಲದು ಎಂಬಂತೆ ಬೇಲಿ ಆಳೆತ್ತರ ಬೆಳೆದು ಎದುರು ಬರುವುದು ಕಾಣುವುದೇ ಇಲ್ಲ. ಆಗಸ್ಟ್‌ನ ಅವಘಡಕ್ಕೆ ಮರದ ಸಂಬಂಧವೇ ಇಲ್ಲ. ಆ ತಿರುವಿನಲ್ಲಿ ಇರುವುದು ಒಂದೇ ಮರ, ಅದೂ ರಸ್ತೆಯಿಂದ ದೂರಕ್ಕೆ. ನಾಳೆ 46 ಮರವನ್ನೂ ಉರುಳಿಸಿದರೂ ಆ ತಿರುವು ಹಾಗೆಯೇ ಇರುತ್ತದೆ. ಬಿಸಿಲಿಗೆ ಬೇಲಿ ಇನ್ನೂ ಜೋರಾಗಿ ಬೆಳೆಯುತ್ತದೆ.

ತಿರುವಿನ ಹೊಲದ ಯಜಮಾನರು ನನಗಿಂತ ಐದಾರು ವರ್ಷ ದೊಡ್ಡವರು. ಅವರ ಹತ್ತಿರ ಹೋಗಿ, “ಅಣ್ಣಾ, ಬೇಲಿ ರಸ್ತೆಗೆ ಬಂದೈತಲ್ಲ, ಒಂದಿಷ್ಟು ಸವರಿಸಬಾರದಾ?” ಅಂದೆ.

“ಬೇಲಿ ರಸ್ತೆಗೆ ಬಂದಿಲ್ಲ ಕಣಪ್ಪ, ರಸ್ತೆನೇ ನನ್ನ ಹೊಲಕ್ಕೆ ಬಂದಿರೋದು. ನೀನು ಇಂಜಿನಿಯರು, ಬಾ ನೀನೇ ನೋಡು” ಎಂದು ಕೈಯಲ್ಲಿದ್ದ ಮಚ್ಚಿನಿಂದ ಚರಂಡಿಯ ಮಣ್ಣು ಕೆದರಿದರು. ಕೆಳಗೆ ಬಾಂದು ಕಲ್ಲು. ಅವರು ಹೇಳಿದ್ದು ನಿಜ. ಬಂಡಿ ಜಾಡನ್ನು ರಸ್ತೆ ಮಾಡಿದಾಗ ಅಗಲ ಸಾಲದೆ ಅವರ ಹೊಲದ ಅಂಚನ್ನು ಸೇರಿಸಿಕೊಂಡಿದ್ದಾರೆ. ಬೇಲಿಯನ್ನು ಒಂದು ಸಲ ಹಿಂದಕ್ಕೆ ಹಾಕಿಸಿದ್ದಾರೆ. ಅವರಿಗೆ ಸಿಕ್ಕಿದ್ದು ಏನೂ ಇಲ್ಲ.

“ಈಗ ಇನ್ನೂ ಸವರಿದ್ರೆ, ಅದೂ ರಸ್ತೆದೇ ಅಂತಾರೆ. ಬೇಲಿ ಇರೋವರೆಗೂ ಹೊಲ ನಂದು” ಅಂದರು.

ಇಷ್ಟು ವರ್ಷದ ನೌಕರಿಯಲ್ಲಿ ಬೇಲಿಯ ಬಗ್ಗೆ ಇಷ್ಟು ಸ್ಪಷ್ಟವಾಗಿ ಯಾರೂ ನನಗೆ ಹೇಳಿರಲಿಲ್ಲ. ನಾವು ಅದನ್ನು ಸೋಮಾರಿತನ ಅನ್ನುತ್ತೇವೆ. ಅವರಿಗೆ ಬೇಲಿ ಎಂದರೆ ಪಹಣಿಯಷ್ಟೇ ಮುಖ್ಯವಾದ ದಾಖಲೆ. ಹಾಗಾದರೆ ಅವರಿಗೆ ನೋಟಿಸು ಕಳಿಸಿ, ಜುಲ್ಮಾನೆ ಹಾಕಿ ಏನು ಪ್ರಯೋಜನ? ನಾನು ಕೇಳಿದೆ: “ಗಡಿ ಅಳತೆ ಮಾಡಿಸಿ, ಬೇಲಿ ಸವರಿದ ಮಾತ್ರಕ್ಕೆ ಜಾಗ ಬಿಟ್ಟುಕೊಟ್ಟ ಹಾಗಲ್ಲ ಅಂತ ಪಂಚಾಯಿತಿಯವರು ಠರಾವು ಬರೆದುಕೊಟ್ಟರೆ?” ಸ್ವಲ್ಪ ಹೊತ್ತು ಯೋಚಿಸಿ, “ಬರೆದುಕೊಟ್ರೆ ಮಾರನೇ ದಿನವೇ ಸವರ್ತೀನಿ” ಅಂದರು. ಪಂಚಾಯಿತಿ ಸದಸ್ಯರು ಇಲ್ಲೇ ಇದ್ದೀರಿ. ಒಂದು ಠರಾವಿನ ಹಾಳೆ ಅಷ್ಟೇ ನಾನು ಕೇಳುತ್ತಿರುವುದು. ಅದರಿಂದ ಅವರ ಜಾಗದ ಪ್ರಶ್ನೆ ತೀರಿಹೋಗುವುದಿಲ್ಲ, ಅದು ಬೇರೆಯೇ ಲೆಕ್ಕ, ಅದಕ್ಕೂ ಅವರ ಜೊತೆ ನಾವು ನಿಲ್ಲಬೇಕು.

ಹೊಲದವರ ಇನ್ನೊಂದು ದೂರೂ ನಿಜವೇ. ಮರದ ನೆರಳು ಬಿದ್ದ ಕಡೆ ಮೂರು ನಾಲ್ಕು ಸಾಲು ರಾಗಿ ಏಳುವುದಿಲ್ಲ. ನೆರಳಿನ ಸುಖ ದಾರಿಹೋಕರಿಗೆ, ನಷ್ಟ ಒಬ್ಬ ರೈತನಿಗೆ. ಬುಡಕ್ಕೆ ಬೆಂಕಿ ಇಡುವುದನ್ನು ನಾನು ಒಪ್ಪುವುದಿಲ್ಲ, ಆದರೆ ಯಾಕೆ ಇಡುತ್ತಾರೆ ಎಂಬುದನ್ನು ಕೇಳದೆ ಬೈಯುವವರ ಜೊತೆಗೂ ನಾನಿಲ್ಲ. ಹೊಲದ ಕಡೆಯ ತಗ್ಗು ಕೊಂಬೆಗಳನ್ನು ಎರಡು ಮೂರು ವರ್ಷಕ್ಕೊಮ್ಮೆ ಕ್ರಮವಾಗಿ ಇಳಿಸಿದರೆ, ಆ ಸೌದೆಯನ್ನೂ ಹುಣಸೆ ಫಸಲಿನಲ್ಲಿ ಪಾಲನ್ನೂ ನೆರಳು ಬೀಳುವ ಹೊಲದವರಿಗೇ ಕೊಟ್ಟರೆ, ಮರ ಅವರದ್ದೂ ಆಗುತ್ತದೆ. ಇದನ್ನು ಗ್ರಾಮಸಭೆಯಲ್ಲಿ ತೀರ್ಮಾನ ಮಾಡಿ ಇಲಾಖೆಗೆ ಕಳಿಸಬೇಕು, ನಾವೇ ಹಂಚಿಕೊಂಡರೆ ಕಳ್ಳತನ ಆಗುತ್ತದೆ.

ಕೊಂಬೆ ಇಳಿಸುವುದು ಎಂದೆ. ಅದನ್ನು ಸರಿಯಾಗಿ ಮಾಡುವವರು ಕಡಿಮೆಯಾಗಿದ್ದಾರೆ, ಹಾಗಾಗಿ ಎರಡು ಮಾತು. ದಪ್ಪ ಕೊಂಬೆಯನ್ನು ಮೇಲಿನಿಂದ ಒಂದೇ ಏಟಿಗೆ ಕಡಿದರೆ ಅದು ಬೀಳುವಾಗ ಕಾಂಡದ ತೊಗಟೆಯನ್ನು ಸೀಳಿಕೊಂಡು ಬರುತ್ತದೆ. ಆ ಗಾಯದಲ್ಲಿ ನೀರು ನಿಂತು, ಹುಳು ಹೊಕ್ಕು, ಹತ್ತು ವರ್ಷಕ್ಕೆ ಮರ ಟೊಳ್ಳಾಗುತ್ತದೆ. ಮೊದಲು ಕಾಂಡದಿಂದ ಒಂದು ಮೊಳ ದೂರದಲ್ಲಿ ಕೆಳಗಿನಿಂದ ಗರಗಸ ಹಾಕಿ ಅರ್ಧದಷ್ಟು ಕೊಯ್ಯಬೇಕು. ಆಮೇಲೆ ಅದಕ್ಕಿಂತ ಸ್ವಲ್ಪ ಆಚೆ ಮೇಲಿನಿಂದ ಕೊಯ್ದರೆ ಕೊಂಬೆ ಸೀಳದೆ ಬೀಳುತ್ತದೆ. ಕೊನೆಗೆ ಉಳಿದ ಮೋಟನ್ನು ಕಾಂಡದ ಹತ್ತಿರ ತೆಗೆಯಬೇಕು. ಕೊಂಬೆ ಹುಟ್ಟುವ ಕಡೆ ಉಬ್ಬಿದ ಉಂಗುರದ ಹಾಗೆ ಇರುತ್ತದಲ್ಲ, ಅದನ್ನು ಮಾತ್ರ ಕೊಯ್ಯಬಾರದು. ಗಾಯ ಮುಚ್ಚುವುದು ಅದರಿಂದಲೇ. ಮೋಟನ್ನು ಉದ್ದ ಬಿಡಲೂ ಬಾರದು, ಅದು ಒಣಗಿ ಕೊಳೆತವನ್ನು ಒಳಕ್ಕೆ ಒಯ್ಯುತ್ತದೆ. ಒಂದೇ ಬದಿಯ ಕೊಂಬೆಗಳನ್ನೆಲ್ಲ ಕಡಿದರೆ ಮರ ಇನ್ನೊಂದು ಬದಿಗೆ ವಾಲುತ್ತದೆ. ತಂತಿಯ ಕೆಳಗಿನ ಮರಗಳು ಹೊಲದ ಕಡೆ ಬಾಗಿರುವುದು ಇದಕ್ಕೇ. ಡಾಂಬರು, ಕಾಂಕ್ರೀಟನ್ನು ಬುಡಕ್ಕೆ ತಾಗಿಸಬಾರದು, ಮೂರು ಅಡಿಯಾದರೂ ಮಣ್ಣು ಇರಲಿ.

ಬೇಲಿಗೆ ವರ್ಷಕ್ಕೆ ಎರಡು ಸಲ ಸಾಕು. ರೋಹಿಣಿ ಹುಟ್ಟುವ ಮೊದಲು ಒಂದು ಸಲ, ಸ್ವಾತಿ ಮಳೆ ಕಳೆದ ಮೇಲೆ ಒಂದು ಸಲ. ತಿರುವಿನಲ್ಲಿ ಬೇಲಿ ಸೊಂಟದೆತ್ತರಕ್ಕಿಂತ ಮೇಲೆ ಇರಬಾರದು. ಬೇಲಿಯನ್ನು ಕಿತ್ತೇ ಹಾಕಿ ಕಲ್ಲುಕಂಬ, ಮುಳ್ಳುತಂತಿ ಹಾಕಿಸಿಬಿಡೋಣ ಎಂದು ಕೆಲವರು ಹೇಳುತ್ತಾರೆ. ಅದು ಅವರವರ ಇಷ್ಟ, ಆದರೆ ಲಕ್ಕಿ, ಕಳ್ಳಿಯ ಬೇಲಿ ಹೋದ ಕಡೆ ಮಳೆಗೆ ಹೊಲದ ಮಣ್ಣು ನೇರ ಚರಂಡಿಗೆ ಇಳಿಯುವುದನ್ನು ನಾನು ನೋಡಿದ್ದೇನೆ. ಒಂದು ಎಚ್ಚರಿಕೆ: ಕಳ್ಳಿ ಸವರುವ ಕೆಲಸಕ್ಕೆ ಶಾಲೆಯ ಮಕ್ಕಳನ್ನು ಹಚ್ಚಬೇಡಿ. ಅದರ ಹಾಲು ಕಣ್ಣಿಗೆ ಬಿದ್ದರೆ ಉರಿಯಲ್ಲ, ಕಣ್ಣಿಗೇ ಅಪಾಯ. ಗೊತ್ತಿದ್ದ ಆಳುಗಳೇ ಮಾಡಲಿ, ಅವರೂ ಕಣ್ಣಿಗೆ ಕನ್ನಡಕ ಹಾಕಿಕೊಳ್ಳಲಿ.

ಅಶೋಕನು ರಸ್ತೆಯ ಎರಡೂ ಬದಿಗಳಲ್ಲಿ ಸಾಲುಮರಗಳನ್ನು ನೆಡಿಸಿದನು ಎಂದು ಇದೇ ಶಾಲೆಯಲ್ಲಿ ನಾವೆಲ್ಲ ಬರೆದು ಅಂಕ ತೆಗೆದುಕೊಂಡವರು. ಅದು ಸುಳ್ಳಲ್ಲ, ಅವನ ಏಳನೆಯ ಸ್ತಂಭ ಶಾಸನದಲ್ಲಿ ಆಲದ ಮರಗಳ ಮಾತು ಇದೆ. ಆದರೆ ಅವಕ್ಕೆ ನೀರು ಹಾಕಿದವರು ಯಾರು ಎಂಬ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬರಲಿಲ್ಲ. 1950ರಲ್ಲಿ ಕೆ. ಎಂ. ಮುನ್ಷಿಯವರು ಶುರುಮಾಡಿದ ವನಮಹೋತ್ಸವವನ್ನು ನಾವು ಪ್ರತಿ ವರ್ಷ ಆಚರಿಸುತ್ತೇವೆ. ಕೆಲವು ಕಡೆ ಹೋದ ವರ್ಷದ ಗುಂಡಿಯನ್ನೇ ಮತ್ತೆ ಉಪಯೋಗಿಸಬಹುದು ಎಂಬುದೊಂದು ಅನುಕೂಲ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರನ್ನು ನಾಡು ನೆನೆಯುವುದು ಆಲದ ಸಸಿ ನೆಟ್ಟರು ಎಂದು. ನನಗೆ ದೊಡ್ಡದಾಗಿ ಕಾಣುವುದು ಅವರೂ ಅವರ ಯಜಮಾನರು ಚಿಕ್ಕಯ್ಯನವರೂ ಕುದೂರಿನ ದಾರಿಯುದ್ದಕ್ಕೂ ಬಿಂದಿಗೆಯಲ್ಲಿ ನೀರು ಹೊತ್ತದ್ದು, ದನ ಮೇಯದ ಹಾಗೆ ಸಸಿಯ ಸುತ್ತ ಮುಳ್ಳು ಕಟ್ಟಿದ್ದು. ನೆಡುವುದು ಒಂದು ದಿನದ ಕೆಲಸ, ಅವರು ಮಾಡಿದ್ದು ವರ್ಷಗಟ್ಟಲೆಯ ಕೆಲಸ. ಆದರೂ 2019ರಲ್ಲಿ ರಸ್ತೆ ಅಗಲ ಮಾಡಲು ಆ ಮರಗಳಿಗೆ ಕುತ್ತು ಬಂದಾಗ, ಆ ವಯಸ್ಸಿನಲ್ಲಿ ಅಜ್ಜಿಯೇ ಸರ್ಕಾರದ ಮುಂದೆ ಹೋಗಿ ಕೇಳಿಕೊಳ್ಳಬೇಕಾಯಿತು. ಪದ್ಮಶ್ರೀ ಬಂದ ಮರಗಳ ಗತಿಯೇ ಹಾಗಾದರೆ ನಮ್ಮ ಹೊಂಗೆ ಮರವನ್ನು ಕೇಳುವವರು ಯಾರು?

ಈಗ ನನ್ನ ಬೇಡಿಕೆ. ಶಾಲೆಯ ಮುಂದೆ ಸುವರ್ಣ ಮಹೋತ್ಸವದ ಕಮಾನು ಕಟ್ಟಿಸಲು ಸಮಿತಿ ಹಣ ಕೂಡಿಸಿದೆ. ಕಟ್ಟಿಸಿ, ಬೇಡ ಎನ್ನುವುದಿಲ್ಲ. ಕಬ್ಬಿನ ಲಾರಿ ಹಾಯುವಷ್ಟು ಎತ್ತರ ಇರಲಿ ಅಂತ ಮಾತ್ರ ಹೇಳುತ್ತೇನೆ. ಅದರಲ್ಲಿ ಉಳಿದ ಹಣವನ್ನು ಊಟಕ್ಕೆ, ಹಾರಕ್ಕೆ ಮುಗಿಸದೆ ಬ್ಯಾಂಕಿನಲ್ಲಿಡಿ. ಅದರ ಬಡ್ಡಿಯಲ್ಲಿ ವರ್ಷಕ್ಕೆ ಎರಡು ಸಲ ಈ ರಸ್ತೆಯ ಬೇಲಿ ಸವರಿಸಬಹುದು. ಎಲ್ಲರ ಬೇಲಿಯನ್ನೂ ಅಲ್ಲ. ಆಗುವವರು ಅವರವರದ್ದನ್ನು ಅವರೇ ಮಾಡಬೇಕು, ಕಾಯಿಲೆಯವರು, ಒಂಟಿ ಹೆಂಗಸರ ಹೊಲಗಳದ್ದು ಮಾತ್ರ ಸಂಘದ್ದು. ಈ ರಸ್ತೆಗೆ ತಾಗಿದ ಹೊಲಗಳು ಹನ್ನೊಂದು. ನಾಲ್ಕರ ಮಾಲೀಕರು ಬೆಂಗಳೂರಿನಲ್ಲಿದ್ದಾರೆ, ಅವರಲ್ಲಿ ಮೂವರು ಈಗ ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಅವರ ಹೆಸರು ಹೇಳುವುದಿಲ್ಲ, ಆಗಲೇ ನಗುತ್ತಿದ್ದಾರೆ. ಅವರ ಬೇಲಿಯೇ ಎಲ್ಲಕ್ಕಿಂತ ಹೆಚ್ಚು ಬೆಳೆದಿರುವುದು.

ಎರಡನೆಯದು, ಮರಗಳ ಪುಸ್ತಕ. 46 ಮರಗಳಿಗೂ ನಂಬರು ಕೊಟ್ಟು ಒಂದು ರಿಜಿಸ್ಟರ್ ಬರೆದಿದ್ದೇವೆ. ಯಾವ ಮರ, ಯಾವ ಹೊಲದ ಎದುರು, ಏನಾಗಿದೆ, ಯಾರಿಗೆ ಯಾವ ತಾರೀಖಿನಲ್ಲಿ ಅರ್ಜಿ ಕೊಟ್ಟೆವು, ಏನು ಉತ್ತರ ಬಂತು. ಇದನ್ನು ಮುಖ್ಯೋಪಾಧ್ಯಾಯರಿಗೆ ಒಪ್ಪಿಸುತ್ತೇನೆ. ಪ್ರತಿ ವರ್ಷ ಒಂಬತ್ತನೇ ತರಗತಿಯ ಮಕ್ಕಳು ವಿಜ್ಞಾನದ ಮೇಷ್ಟ್ರ ಜೊತೆ ಫೆಬ್ರವರಿಯಲ್ಲಿ ಒಂದು ದಿನ ನಡೆದು ಬರೆದುಕೊಳ್ಳಲಿ. ಬರೆದದ್ದನ್ನು ಗ್ರಾಮಸಭೆಯಲ್ಲಿ ಓದಲಿ. ವರ್ಷಕ್ಕೆ ಎರಡು ಸಲವಾದರೂ ಗ್ರಾಮಸಭೆ ಸೇರಲೇಬೇಕು ಎಂದು ಕಾಯ್ದೆಯಲ್ಲೇ ಇದೆ. ಅಲ್ಲಿ ಮಕ್ಕಳು ನಿಂತು ‘17ನೇ ನಂಬರಿನ ಮರದ ಒಣಕೊಂಬೆಯ ಬಗ್ಗೆ ಹೋದ ವರ್ಷವೂ ಬರೆದಿದ್ದೆವು’ ಎಂದು ಓದಿದರೆ ಕೇಳಿಸಿಕೊಳ್ಳದೆ ಎದ್ದುಹೋಗುವುದು ಯಾರಿಗೂ ಕಷ್ಟ.

ಮೂರನೆಯದು ಆ ಮನವಿ ಪತ್ರ. ಅದನ್ನು ಬರೆದವರ ಜೊತೆ ನಿನ್ನೆ ರಾತ್ರಿ ಕೂತು ಹೊಸದೊಂದು ಬರೆದಿದ್ದೇವೆ. ಎಲ್ಲ ಮರಗಳನ್ನೂ ಕಡಿಯಿರಿ ಎಂದು ಅದರಲ್ಲಿಲ್ಲ. 8, 21, 22ನೇ ನಂಬರಿನ ಮೂರು ಗುಲ್‌ಮೊಹರ್ ತೆಗೆಯಲು ಅನುಮತಿ, ಏಳು ಮರಗಳ ಕೊಂಬೆ ಇಳಿಸುವುದು, ತಿರುವಿನ ಗಡಿ ಅಳತೆ, ಇಷ್ಟನ್ನೇ ಕೇಳಿದ್ದೇವೆ. ಒಂದು ಪ್ರತಿ ಅರಣ್ಯ ಇಲಾಖೆಗೆ, ಒಂದು ತಹಸೀಲ್ದಾರರಿಗೆ, ಒಂದು ಪಂಚಾಯಿತಿಗೆ. ತೆಗೆದ ಮೂರರ ಜಾಗದಲ್ಲಿ ಹೊಂಗೆ ಹಾಕುತ್ತೇವೆ, ತಂತಿಯಿಂದ ಆಚೆಗೆ.

ಹುಡುಗನ ತಾಯಿ ಇವತ್ತು ಬೆಳಿಗ್ಗೆ ಅದನ್ನು ಓದಿಸಿ ಕೇಳಿದರು. “ಆ ಮೂರು ಮರ ಮುಂದಿನ ಮಳೆಗಾಲದೊಳಗೆ ಹೋಗ್ತವೇನಣ್ಣ?” ಎಂದು ಒಂದೇ ಪ್ರಶ್ನೆ ಕೇಳಿದರು. ಹೋಗುತ್ತವೆ ಎಂದು ಮಾತು ಕೊಡುವ ಅಧಿಕಾರ ನನಗಿಲ್ಲ, ಹಾಗಾಗಿ ಕೊಡಲಿಲ್ಲ. ಸೋಮವಾರ ಅರ್ಜಿ ಕೊಟ್ಟು ಸ್ವೀಕೃತಿ ತರುತ್ತೇನೆ, ಪ್ರತಿ ಹದಿನೈದು ದಿನಕ್ಕೊಮ್ಮೆ ಹೋಗಿ ಕೇಳುತ್ತೇನೆ, ಅಲ್ಲಿಯವರೆಗೆ ಗಾಳಿ ಮಳೆಯ ದಿನ ಮಕ್ಕಳನ್ನು ಆ ಮೂರು ಮರಗಳ ಕೆಳಗೆ ಬಿಡದೆ ಎದುರು ಬದಿಯಲ್ಲಿ ಕರೆದೊಯ್ಯಲು ಮೇಷ್ಟ್ರುಗಳನ್ನು ಕೇಳಿಕೊಂಡಿದ್ದೇನೆ ಎಂದೆ. ಅವರು ಸಹಿ ಹಾಕಿಲ್ಲ. ಸ್ವೀಕೃತಿ ನೋಡಿದ ಮೇಲೆ ಹಾಕುತ್ತೇನೆ ಅಂದಿದ್ದಾರೆ. ಅವರ ಮಾತು ನ್ಯಾಯವಾಗಿದೆ.

ಅರ್ಜಿ ಹೆಸರು ನೋಂದಣಿಯ ಮೇಜಿನ ಮೇಲಿದೆ, ಪಕ್ಕದಲ್ಲೇ ಮರಗಳ ಪುಸ್ತಕ ಇದೆ. ಊಟಕ್ಕೆ ಹೋಗುವಾಗ ಎರಡನ್ನೂ ಓದಿ. ಹಳೆಯ ಪತ್ರಕ್ಕೆ ಸಹಿ ಹಾಕಿದವರೂ ಹಾಕಬಹುದು. ಮುಂದಿನ ಸಾಲಿನ ಮೂವರು ಮಾತ್ರ ಬೆಂಗಳೂರಿನ ಬಸ್ಸು ಹತ್ತುವ ಮೊದಲು ನನ್ನನ್ನು ಕಂಡು ಹೋಗಬೇಕು.